ಒಂದೇ ದನಿಯ ಮೂರು ಫೋನ್

ಶಿವಗಂಗಾಗೆ ಅಕ್ಕ ಇರಲಿಲ್ಲ.

ಹುಬ್ಬಳ್ಳಿಯ ಖಾಸಗಿ ಶಾಲೆಯೊಂದಕ್ಕೆ ಟೀಚರ್ ಆಗಿ ಸೇರಿದ ದಿನವೇ ಹಿರಿಯ ಟೀಚರ್ ಕಸ್ತೂರಿ ಅವಳ ಡಬ್ಬಿಗೆ ಅರ್ಧ ರೊಟ್ಟಿ ಹಾಕಿದರು.

"ಮ್ಯಾಡಂ ಅನಬ್ಯಾಡ, ಅಕ್ಕಾ ಅನ್ನು."

ಆಮೇಲೆ ಸ್ಟಾಫ್ ರೂಮಿನಲ್ಲಿ ನಾಲ್ವರದೂ ಒಟ್ಟಿಗೇ ಊಟ... ಕಸ್ತೂರಿ, ಮೆಹಜಬೀನ್, ಪ್ರೇಮಾ, ಶಿವಗಂಗಾ. ಯಾರ ಡಬ್ಬಿಗೆ ಯಾರ ಕೈ ಎಂಬ ಲೆಕ್ಕವಿರಲಿಲ್ಲ.

ಒಮ್ಮೆ ಬ್ಯಾಂಕಿನ ಏಜೆಂಟ್ ಅಲ್ಲಿಗೇ ಬಂದು ನಾಲ್ವರಿಗೂ ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟ.

ಕೆಲವು ತಿಂಗಳ ನಂತರ ಕಸ್ತೂರಿ, ಶಿವಗಂಗಾಳನ್ನು ವರಾಂಡಕ್ಕೆ ಕರೆದರು.

"ನಿನ್ನ ಕಾರ್ಡ್ ಕೊಡವಾ. ಮಗಳ ಫೀ ಕಟ್ಟೂದೈತಿ. ತಿಂಗಳಾ ತಿಂಗಳಾ ನಾನ ತುಂಬತೇನಿ... ಅವರಿಬ್ಬರಿಗೂ ಹೇಳಬ್ಯಾಡ. ನೀ ಅಂದ್ರ ನನಗ ಸ್ವಂತ ತಂಗಿ ಇದ್ದಂಗ."

ಶಿವಗಂಗಾ ಕೊಟ್ಟಳು. ಓಟಿಪಿ ಬಂದಾಗಲೆಲ್ಲ ಓದಿ ಹೇಳಿದಳು. ಬಿಲ್ ನೋಡಲಿಲ್ಲ... ಅಕ್ಕನನ್ನು ಲೆಕ್ಕ ಕೇಳುವುದು ಹೇಗೆ?

ಒಂದು ಮಧ್ಯಾಹ್ನ ಊಟದ ನಡುವೆ ಅವಳ ಫೋನ್ ರಿಂಗಾಯಿತು. ಬ್ಯಾಂಕಿನ ವಸೂಲಿಯವನು.

"ಮ್ಯಾಡಂ, ಕಾರ್ಡಿಂದು ಮೂರು ತಿಂಗಳ ಬಾಕಿ ಐತಿ. ಮನೀಗೇ ಬರೂಣೇನು?"

ಎದುರಿಗೆ ಅಕ್ಕ ರೊಟ್ಟಿ ಮುರಿಯುತ್ತಿದ್ದರು. ಅವರ ಮಾನ ಉಳಿಯಲೆಂದು ಶಿವಗಂಗಾ "ರಾಂಗ್ ನಂಬರ್ ರೀ" ಎಂದು ಇಟ್ಟಳು.

ಸ್ವಲ್ಪ ಹೊತ್ತಿಗೆ ಮೆಹಜಬೀನಳ ಫೋನ್ ರಿಂಗಾಯಿತು. ಅವಳೂ ಕೇಳಿಸಿಕೊಂಡು, "ರಾಂಗ್ ನಂಬರ್" ಎಂದಳು.

ಆಮೇಲೆ ಪ್ರೇಮಾಳದು. ಅವಳ ಕೈಯೆಲ್ಲ ಎಣ್ಣೆ... ಸ್ಪೀಕರ್ ಒತ್ತಿಬಿಟ್ಟಳು.

"ಮ್ಯಾಡಂ, ಕಾರ್ಡಿಂದು ಮೂರು ತಿಂಗಳ ಬಾಕಿ ಐತಿ..."

ಅದೇ ದನಿ. ಮೂವರೂ ಮುಖ ಮುಖ ನೋಡಿಕೊಂಡರು.

ಮೆಹಜಬೀನ್ ಮೆಲ್ಲಗೆ ಕೇಳಿದಳು, "ಅಕ್ಕಾರು ನಿಮಗೂ ಸ್ವಂತ ತಂಗಿ ಅಂದಿದ್ರೇನು?"

ಕಸ್ತೂರಿ ತಲೆ ಎತ್ತಲಿಲ್ಲ.

"ಮನೀ ಖರ್ಚಿಗೇ ನನ್ನ ಕಾರ್ಡಿನ ಮಿತಿ ಮೊದಲ ಮುಗಿದಿತ್ತವಾ. ಅದನ್ನ ಕಟ್ಟಾಕ ಒಬ್ಬಾಕಿದು ತಗೊಂಡೆ. ಆಕೀದು ಕಟ್ಟಾಕ ಇನ್ನೊಬ್ಬಾಕಿದು. ಬಂಗಾರೇನು ಮಾಡಿಸಿಲ್ಲ ನಾ."

"ಮಗಳ ಫೀ?" ಶಿವಗಂಗಾ ಕೇಳಿದಳು.

"ಅದಿನ್ನೂ ಕಟ್ಟಿಲ್ಲ."

ಶಿವಗಂಗಾಳ ಕಣ್ಣು ತುಂಬಿತು. "ರೊಕ್ಕ ಹಾಳಾಗಿ ಹೋಗ್ಲಿ ಅಕ್ಕಾ... ತಂಗಿ ಅಂದಿದ್ದು ನನಗೊಬ್ಬಾಕಿಗೇ ಅಂತ ತಿಳಿದಿದ್ದೆ."

ಕಸ್ತೂರಿ ಅಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮುಂದಿನ ಪೀರಿಯಡ್‌ಗೆ ಎದ್ದು ಹೋದರು.

ಕಾರ್ಡ್ ಯಾರ ಹೆಸರಲ್ಲಿತ್ತೋ ಅವರೇ ಕಟ್ಟಬೇಕಾಯಿತು. ಈಗ ಸ್ಟಾಫ್ ರೂಮಿನಲ್ಲಿ ನಾಲ್ಕು ಡಬ್ಬಿ ನಾಲ್ಕು ಮೂಲೆಯಲ್ಲಿ ತೆರೆಯುತ್ತವೆ.

"ಯಾರಿಗೂ ಹೇಳಬೇಡ" ಎಂದು ಯಾರಾದರೂ ನಿಮ್ಮ ಕಾರ್ಡ್ ಕೇಳಿದರೆ, ಕೊಡುವ ಮೊದಲು ಒಬ್ಬರಿಗಾದರೂ ಹೇಳಿ.

ನಿಮ್ಮ ಕಾರ್ಡ್ ಈಗ ಯಾರ ಪರ್ಸಿನಲ್ಲಿದೆ?

ಶಿವಗಂಗಾ ಕಳೆದುಕೊಂಡದ್ದು ತೊಂಬತ್ತೆರಡು ಸಾವಿರ ರೂಪಾಯಿ... ಮತ್ತು ಒಬ್ಬ ಅಕ್ಕ.