ಎಂಟು ಗೇಣಿನ ಮೇಜು

ಗರಗಸ ಇನ್ನೇನು ಮರಕ್ಕೆ ತಾಗಬೇಕು, ಅಷ್ಟರಲ್ಲಿ ಮೇಸ್ತ್ರಿ ಕೈ ತಡೆದು ಕೇಳಿದರು, "ಅಮ್ಮಾ, ಈ ಗೇಣು ಯಾರದು?"

ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲೆ ಬಾಗಿಲು ಮಲಗಿತ್ತು. ಯಾವುದೋ ಶಾಲೆ ಕೆಡವಿದಾಗ ಗುಜರಿಗೆ ಬಂದದ್ದು. ಏಳಡಿ ಉದ್ದ, ನೂರು ವರ್ಷದ ತೇಗ. ಇಂಥದ್ದು ಇನ್ನೊಂದು ಸಿಗುವುದಿಲ್ಲ, ಕೊಯ್ದ ಮೇಲೆ ಕೂಡಿಸುವ ಹಾಗೂ ಇಲ್ಲ. ಬೆಳಿಗ್ಗೆ ಅವಳೇ ಎಂಟು ಗೇಣು ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಐದಡಿಗೆ ಬಂದಿತ್ತು.

"ನನ್ನದೇ," ಎಂದಳು. "ನಕ್ಷೆಯಲ್ಲಿ ಎಂಟು ಗೇಣು ಅಂತ ಇದೆಯಲ್ಲ."

"ಅಳೆದಿದ್ದು ನೀವು, ಸರಿ. ಬರೆದಿದ್ದು?"

ಹಳೆಯ ಕ್ಯಾಲೆಂಡರಿನ ಹಾಳೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಇಡೀ ಕೋಣೆ: ಬಾಗಿಲನ್ನು ಮಲಗಿಸಿ ಮೇಜು, ಮುರುಕು ಏಣಿಯನ್ನು ಅಡ್ಡ ಹಾಕಿ ಪುಸ್ತಕದ ಗೂಡು, ಗೋಡೆಗೆ ತೂಗುಹಾಕಿದ ಕಂದೀಲಿನೊಳಗೆ ಬಲ್ಬು. ಕಿಟಕಿಯ ಗೋಡೆ ಹನ್ನೆರಡು ಗೇಣು. ಮೇಜು ಎಂಟು. ಕಂದೀಲು, ಅವಳು ಕೂತಾಗ ತಲೆಯಿಂದ ಎರಡು. ಬರೆದವನು ಅವಳ ಗಂಡ, ಟೇಪು ಮುಟ್ಟಿದವನಲ್ಲ. "ಟೇಪು ಹುಡುಕೋದ್ರೊಳಗೆ ಅಳತೇನೇ ಮುಗಿದಿರುತ್ತೆ" ಎನ್ನುತ್ತಿದ್ದ. ಅವನ ಕೈ ಕಂಬಳಿಹುಳುವಿನ ಹಾಗೆ ಮಡಚುತ್ತ ಬಿಚ್ಚುತ್ತ ಗೋಡೆಯುದ್ದಕ್ಕೂ ಹೋಗುವುದನ್ನು ಅವಳು ಸ್ಟೂಲಿನ ಮೇಲೆ ಕೂತು ನೋಡಿದ್ದಳು. ಗೋಡೆ ಮುಗಿದ ಮೇಲೆ ಆ ಕೈ ಅವಳ ನೆತ್ತಿಯಿಂದ ಮೇಲಕ್ಕೆ ಹತ್ತಿತ್ತು. ಒಂದು. ಎರಡು. ಆಮೇಲೆ ಅಲ್ಲೇ ನಿಂತುಬಿಟ್ಟಿತ್ತು, ದೀಪ ಆಗಲೇ ಹತ್ತಿಕೊಂಡಿದೆಯೇನೋ ಎಂಬಂತೆ.

ಸೋಮವಾರದಿಂದ ಅವಳು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದಬೇಕು. ಕೋಣೆಯನ್ನು ಹೇಗೆ ಬೇಕಾದರೂ ಮಾಡಿಸಬಹುದಿತ್ತು. ಅವಳಿಗೆ ಈ ಕೋಣೆಯೇ ಬೇಕಿತ್ತು, ಒಂದು ಬೆರಳೂ ಆಚೀಚೆಯಾಗದೆ.

ಮೇಸ್ತ್ರಿ ಹಾಳೆಯನ್ನೂ ಅವಳ ಕೈಯನ್ನೂ ನೋಡಿದರು. "ನಿಮ್ಮ ಯಜಮಾನ್ರು ಬರೆದಿದ್ದು ಅಲ್ವಾ? ಕೆಲಸಕ್ಕೆ ಹೋಗಿದಾರಾ? ಬರಲಿ ಬಿಡಿ, ಕಾಯ್ತೀನಿ. ನೂರು ವರ್ಷ ಕಾದ ಮರ, ಸಂಜೆಯೊಳಗೆ ಓಡಿಹೋಗುತ್ತಾ?"

ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯೇ ಹೇಳಿದರು, "ಹೋಗಿ ಒಂದೂವರೆ ವರ್ಷ ಆಯ್ತಪ್ಪ. ನನ್ನ ಮಗ."

ಮೇಸ್ತ್ರಿ ಗರಗಸವನ್ನು ಸದ್ದಾಗದಂತೆ ಕೆಳಗಿಟ್ಟರು.

"ಅವನ ಗೇಣು ತಾನೆ? ನಾನು ಹೇಳ್ತೀನಿ." ಅತ್ತೆ ಸೆರಗಿನಿಂದ ಸಿಪ್ಪೆ ಕೊಡವಿ ಎದ್ದು, ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದರು. "ಇಷ್ಟು."

"ಅಷ್ಟೇನಾ? ಇಷ್ಟಿತ್ತು ಅತ್ತೆ."

"ನಿನಗೆ ಅವನದು ಎಲ್ಲಾ ದೊಡ್ಡದೇ."

"ನೀವು ಐದನೇ ಕ್ಲಾಸಿನ ಕೈ ತೋರಿಸ್ತಿದೀರಿ."

ಅತ್ತೆ ತಮ್ಮ ಕೈಗಳ ನಡುವಿನ ಜಾಗವನ್ನು ನೋಡಿಕೊಂಡರು. "ಹೌದೇನೋ. ಸಕ್ಕರೆ ಡಬ್ಬಿಯೊಳಗೆ ಸಿಕ್ಕಿಹಾಕ್ಕೊಂಡಿತ್ತಲ್ಲ, ಆ ಕೈ."

ಇಬ್ಬರೂ ಅಂಗಳದ ನಡುವೆ ಗಾಳಿಯನ್ನು ಹಿಡಿದುಕೊಂಡು ನಿಂತರು. ಒಬ್ಬರ ಅಳತೆ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಒಂದೂವರೆ ವರ್ಷಕ್ಕೇ ಮರೆತೆನೆ?

"ಗಾಳಿ ಕೊಯ್ಯೋಕೆ ನನಗೆ ಬರಲ್ಲಮ್ಮ," ಎಂದರು ಮೇಸ್ತ್ರಿ. "ಅವರು ಅಳೆದಿದ್ದು ಯಾವುದಾದ್ರೂ ಹಾಗೇ ಉಳಿದಿದೆಯಾ? ಕದಲದೆ?"

ಅವಳು ಕೋಣೆಯ ಕಡೆ ತಿರುಗಿ ಹೇಳಿದಳು, "ಕಿಟಕಿಯ ಗೋಡೆ."

ಮೂವರೂ ಒಳಗೆ ಹೋದರು. ಟೇಪಿನ ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಮೇಸ್ತ್ರಿ. ನೂರೆಂಟು ಇಂಚು. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಂಗೈಯಲ್ಲೇ ಲೆಕ್ಕ ಹಾಕಿದರು. "ಹನ್ನೆರಡು ಗೇಣಿಗೆ ನೂರೆಂಟು. ಒಂದು ಗೇಣಿಗೆ ಒಂಬತ್ತು. ಸಿಕ್ಕಿದ್ರು ನೋಡಿ!"

"ಮೊರದಗಲ ಕೈ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ. "ಯಾವಾಗ ಅಷ್ಟು ಬೆಳೆದನೋ."

ಬಾಗಿಲಿನ ಮುರಿದ ಅಗುಳಿಯಿಂದ ಮೇಸ್ತ್ರಿ ಒಂಬತ್ತು ಇಂಚಿನ ಪಟ್ಟಿಯೊಂದನ್ನು ಕೊಯ್ದು, ಅಂಚು ಉಜ್ಜಿ ನಯ ಮಾಡಿ, ಅದನ್ನೇ ಬಾಗಿಲ ಮೇಲೆ ಎಂಟು ಸಲ ಮಗುಚಿದರು. ಗೆರೆ ಆರಡಿಗೆ ಬಂತು. ಅವಳು ಎಳೆದ ಗೆರೆಗಿಂತ ಒಂದಡಿ ಆಚೆ. ಆಮೇಲೆ ಗರಗಸ ಶುರುವಾಯಿತು. ಮರದ ಪುಡಿ ಬಿಸಿಲಿನಲ್ಲಿ ತೇಲುತ್ತ ತೇಲುತ್ತ ಅವಳ ತೋಳಿನ ಮೇಲೆ ಕೂತಿತು, ಅವಳು ಕೊಡವಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಜು ಕಿಟಕಿಯ ಕೆಳಗೆ ನಿಂತಿತ್ತು, ಏಣಿಯ ಗೂಡು ಗೋಡೆ ಏರಿತ್ತು. ಕಂದೀಲು ಒಂದು ಉಳಿದಿತ್ತು. ಅವಳು ಮೇಜಿನ ಮುಂದೆ ಕೂತಳು. ಮೇಸ್ತ್ರಿ ಪಟ್ಟಿಯನ್ನು ಅವಳ ತಲೆಯ ಹತ್ತಿರ ತಂದು, ಸಂಕೋಚಪಟ್ಟು, ಅವಳ ಕೈಗೇ ಕೊಟ್ಟರು. ಅವಳು ಅದನ್ನು ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕಣ್ಣು ಮುಚ್ಚಿಕೊಂಡಳು. ಭಾರವೇ ಇರಲಿಲ್ಲ. ಒಂದು. ಅದರ ತುದಿಗೆ ಮೇಸ್ತ್ರಿ ಬೆರಳು ಹಿಡಿದರು. ಅವಳು ಪಟ್ಟಿಯನ್ನು ಅಲ್ಲಿಂದ ಮೇಲಕ್ಕೆ ಏರಿಸಿದಳು. ಎರಡು. ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ ಗೀಚಿದ ಸದ್ದು ಕೇಳಿಸಿತು.

"ನೆಟ್ಟಗೆ ಕೂತ್ಕೊಳ್ಳೇ," ಬಾಗಿಲಲ್ಲಿ ನಿಂತಿದ್ದ ಅತ್ತೆ ಗದರಿದರು. "ಅವನು ಅಳೆದಾಗ ನೀನು ಹೀಗೆ ಕುಗ್ಗಿರಲಿಲ್ಲ."

ಅವಳು ಉಸಿರೆಳೆದು ಬೆನ್ನು ನೇರ ಮಾಡಿದಳು. ಮೇಸ್ತ್ರಿ ಮತ್ತೆ ಅಳೆದು, ಗೋಡೆಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಎರಡು ಬೆರಳು ಮೇಲೆ ಹೊಸದೊಂದು ಎಳೆದರು.