ಅಲ್ಲಾಡುವ ಮನೆ

ಪೇಟೆಯ ಹಳೆಯ ವಠಾರ ಕೆಡವಿ ಮೂವತ್ತೆರಡು ಮಹಡಿ ಎಬ್ಬಿಸಿದಾಗ, ಅಲ್ಲಿದ್ದ ಬಡವರಿಗೆ ‘ಕಟ್ಟಡದೊಳಗೇ ಸೂರು’ ಕೊಡಬೇಕೆಂದು ಕಾನೂನು ಹೇಳಿತ್ತು. ಹಾಗಾಗಿ ದೊಡ್ಡತಾಯಮ್ಮನಿಗೆ ಮೂರನೇ ನಂಬರಿನ ಲಿಫ್ಟ್ ಸಿಕ್ಕಿತು. ಏಳಡಿ ಉದ್ದ, ಆರಡಿ ಅಗಲ. ಯಾರು ಗುಂಡಿ ಒತ್ತಿದರೂ ಮನೆ ಹೋಗಲೇಬೇಕು.

ಭಾನುವಾರ ಮಗಳು ಕಾಂತಾಳನ್ನು ನೋಡಲು ಗಂಡಿನವರು ಬಂದರು. ಕೈತಪ್ಪಬಾರದೆಂದು ದೊಡ್ಡತಾಯಮ್ಮ ಹರಕೆ ಹೊತ್ತಿದ್ದ ಸಂಬಂಧ. ಉಪ್ಪಿಟ್ಟಿನ ತಟ್ಟೆ ಕೈಗಿಡುವಷ್ಟರಲ್ಲಿ ಮನೆ ಹತ್ತೊಂಬತ್ತನೇ ಮಹಡಿಗೆ ಏರಿತು. ನಾಯಿ ಹಿಡಿದ ಹೆಂಗಸೊಬ್ಬಳು ಒಳಬಂದು, “ಸ್ವಲ್ಪ ಸರೀರಿ” ಎಂದಳು. ಎಲ್ಲರೂ ಗೋಡೆಗೆ ಅಂಟಿ ನಿಂತರು. ಕಾಂತಾ ಕಾಫಿಲೋಟಗಳನ್ನು ತಲೆಯ ಮೇಲಕ್ಕೆತ್ತಿ ಹಿಡಿದಳು.

ಹೆಂಗಸು ನೆಲಮಹಡಿಯಲ್ಲಿ ಇಳಿದುಹೋದಳು. ಗಂಡಿನ ತಂದೆ ಬಿಳಿಗಿರಯ್ಯ ಕೇಳಿದ: “ಅಲ್ಲ ತಾಯಮ್ಮೋರೆ, ಲಗ್ನಪತ್ರಿಕೇಲಿ ನಿಮ್ಮನೆ ಯಾವ ಮಹಡಿ ಅಂತ ಹಾಕ್ಸೋದು?”

“ಎಲ್ಲಾ ಮಹಡೀನೂ ನಮ್ದೇ ಅನ್ಕೊಳಿ,” ಎಂದು ದೊಡ್ಡತಾಯಮ್ಮ ನಕ್ಕಳು.

ಅವನು ನಗಲಿಲ್ಲ. “ಹುಡುಗಿ ಲಕ್ಷಣವಾಗವ್ಳೆ. ಆದ್ರೆ ನಮ್ದು ನಿಂತ ಮನೆ ಕಣಮ್ಮ. ಪಕ್ಕದ ಕಟ್ಟಡದಲ್ಲಿ ಆರು ಏಳನೇ ಮಹಡಿ ಮಧ್ಯೆ, ಮೆಟ್ಲು ತಿರುಗೋ ಜಾಗ. ಅಲ್ಲಾಡೋ ಮನೆ ಹೆಣ್ಣು ತಂದ್ರೆ ನಮ್ಮ ಜನ ಆಡ್ಕೊತಾರೆ.”

ಹೋದ ತಿಂಗಳು ಜನರೇಟರ್ ಕೋಣೆಯಲ್ಲಿ ವಾಸವಿರುವವರು ಕಾಂತಾಳನ್ನು ಕೇಳಿಕೊಂಡು ಬಂದಾಗ, “ಗಡಗಡ ಸದ್ದಿನ ಮನೆಗೆ ಹೆಣ್ಣು ಕೊಡಲ್ಲ” ಎಂದು ದೊಡ್ಡತಾಯಮ್ಮನೇ ಗುಂಡಿ ಒತ್ತಿ ಬಾಗಿಲು ಮುಚ್ಚಿದ್ದಳು.