ಮರದ ಸುತ್ತಳತೆ

"ಸ್ವಲ್ಪ ಉಸಿರು ಬಿಡಿ," ಎಂದು ದರ್ಜಿ ಮರಕ್ಕೆ ಹೇಳಿಯೇಬಿಟ್ಟ. ಉದ್ಯಾನದ ಹಳೆಯ ಮರಗಳನ್ನು ನೋಡಲು ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಂಗಡಿಯಿಂದ ಕೊರಳಲ್ಲೇ ಬಂದಿದ್ದ ಟೇಪನ್ನು ಕಾಂಡಕ್ಕೆ ಸುತ್ತುವಾಗ ಅವನ ಬಾಯಿ ಅಭ್ಯಾಸಬಲದಿಂದ ಆಡಿದ ಮಾತು ಅದು. ನಗದೆ ನಿಂತವಳು ಅವನ ಹೆಂಡತಿಯೊಬ್ಬಳೇ. ಬೆಳಿಗ್ಗೆ ಅವಳ ಕೋಟಿನ ಗುಂಡಿ ಹಾಕಲು ಆಗದಿದ್ದಾಗ, "ಹೊಲಿಗೆ ಬಿಚ್ಚಿ ಅಗಲ ಮಾಡೋಕೆ ಒಳಗೆ ಬಟ್ಟೆನೇ ಉಳಿದಿಲ್ಲ ಕಣೇ, ನೀನೇ ಸ್ವಲ್ಪ ಸಣ್ಣಗಾಗ್ಬೇಕು," ಎಂದಿದ್ದ. ಆಗಿನಿಂದ ಅವಳು ಮುಖ ಗಂಟು ಹಾಕಿಕೊಂಡೇ ನಡೆದಿದ್ದಳು.

ಅರ್ಧ ಸುತ್ತೂ ಆಗುವ ಮೊದಲೇ ಟೇಪು ಮುಗಿಯಿತು. "ನಮ್ಮ ಅಜ್ಜನ ಅಜ್ಜನಿಗಿಂತ ಹಿರಿಯ ಮರ ಇದು," ಎಂದಳು ಮರಗಳನ್ನು ತೋರಿಸುತ್ತಿದ್ದ ತೋಟಗಾರ್ತಿ. "ವರ್ಷವರ್ಷಾನೂ ದಪ್ಪ ಆಗ್ತಾನೇ ಇದೆ."

"ತೊಗಟೆ ಬಿಗಿ ಆಗಲ್ವಾ?" ದರ್ಜಿಗೆ ಅದೇ ಚಿಂತೆ.

"ಆಗುತ್ತೆ. ಅದಕ್ಕೇ ಬಿರುಕು ಬಿಟ್ಟು ಮರಕ್ಕೆ ಜಾಗ ಮಾಡ್ಕೊಡುತ್ತೆ. ನೀನೇ ಸಣ್ಣಗಾಗು ಅಂತ ಮರಕ್ಕೆ ಹೇಳೋಕಾಗುತ್ತಾ?"

"ಕೇಳಿಸ್ತೇನ್ರೀ?" ಎಂದಳು ಹೆಂಡತಿ. ಬೆಳಿಗ್ಗೆಯಿಂದ ಅವಳಾಡಿದ ಮೊದಲ ಮಾತು.

ದರ್ಜಿ ತೊಗಟೆಯ ಬಿರುಕಿನ ಮೇಲೆ, ಹೊಲಿಗೆ ಪರೀಕ್ಷಿಸುವವನಂತೆ, ಮೆಲ್ಲಗೆ ಬೆರಳಾಡಿಸಿದ. "ನಿನ್ನ ಕೋಟಿನ ಎರಡೂ ಪಕ್ಕಕ್ಕೆ ಒಂದೊಂದು ಪಟ್ಟಿ ಸೇರಿಸ್ತೀನಿ ಕಣೇ," ಎಂದ. "ಬೇರೆ ಬಣ್ಣದ್ದಾದ್ರೂ ಚೆನ್ನಾಗೇ ಕಾಣುತ್ತೆ."

ಹೆಂಡತಿ ಅಷ್ಟೂ ಜನರ ಎದುರಿಗೇ ಎರಡೂ ಕೈ ಅಗಲಿಸಿ, ಮರದ ಪಕ್ಕದಲ್ಲಿ ಮರದಂತೆಯೇ ನಿಂತಳು.

"ತಗೊಳ್ಳಿ ಅಳತೆ," ಎಂದಳು, "ಉಸಿರು ಮಾತ್ರ ಬಿಡಲ್ಲ!"